ಮಳೆಗಾಲ ದಾಟಿದ ರಟ್ಟಿನ ಕುರ್ಚಿ

ರಟ್ಟಿನ ಕುರ್ಚಿ ಒಂದು ಮಳೆಗಾಲಾನೂ ತಡೆಯಲ್ಲ ಅಂತ ನಕ್ಕವರು ಈಗ ಅಳತೆ ಕೇಳಿ ಫೋನ್ ಮಾಡುತ್ತಾರೆ. ಕೊಪ್ಪಳದ ಸುತ್ತಿನ ಹಳ್ಳಿಗಳಲ್ಲಿ ಸಿಪಿ (ಸೆರೆಬ್ರಲ್ ಪಾಲ್ಸಿ, ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಕ್ಕಳಿಗೆ ನಾನು ಮಾಡಿಕೊಟ್ಟ ಕಾರ್ನರ್ ಚೇರ್‌ಗಳಲ್ಲಿ (ಗೋಡೆಯ ಮೂಲೆಯಂತೆ ಬೆನ್ನಿಗೆ ಎರಡೂ ಕಡೆ ಆಸರೆ ಕೊಡುವ ಕುರ್ಚಿ) ಕೆಲವು ಎರಡು ಮಳೆಗಾಲ ಕಂಡಿವೆ. ಐಡಿಯಾ ನನ್ನದಲ್ಲ. ಜಿಂಬಾಬ್ವೆಯಲ್ಲಿ ಬೆವಿಲ್ ಪ್ಯಾಕರ್ ಅನ್ನುವವರು ಹಳೇ ಕಾಗದ, ಹಿಟ್ಟಿನ ಅಂಟಿನಲ್ಲೇ ಗಟ್ಟಿ ಪೀಠೋಪಕರಣ ಮಾಡಿ ತೋರಿಸಿದ್ದರು. ನಮ್ಮ ಸಿಪಿ ಮಕ್ಕಳಿಗೆ, ನಮ್ಮ ಮನೆಗಳಿಗೆ ಅದನ್ನು ಹೊಂದಿಸಿದ್ದು ಮಾತ್ರ ನಾನೇ.

ಮೊದಲು ಪ್ಲೈವುಡ್‌ನಲ್ಲಿ ಮಾಡಿಸಿದೆ. ಬಡಗಿ ಒಂದಕ್ಕೆ ಸುಮಾರು 2,500 ರೂಪಾಯಿ ತಗೊಂಡ. ವರ್ಷದೊಳಗೆ ಮಗು ಬೆಳೆಯಿತು, ಕುರ್ಚಿ ಸಣ್ಣದಾಯಿತು, ಮನೆಯವರು ಅದರ ಮೇಲೆ ನೀರಿನ ಕೊಡ ಇಟ್ಟರು. ರಟ್ಟಿನದಕ್ಕೆ ಹೆಚ್ಚೆಂದರೆ 300. ಫ್ರಿಜ್ ಅಂಗಡಿಯವರು ಡಬ್ಬ ಸುಮ್ನೆ ಕೊಡುತ್ತಾರೆ. ವಾರ್ನಿಶ್, ರೆಕ್ಸಿನ್‌ದೇ ಖರ್ಚು ಜಾಸ್ತಿ.

ಶುರುವಿನವು ಹಾಳಾದವು. ಒಂದಕ್ಕೆ ಒಳಗೇ ಬೂಷ್ಟು ಬಂತು. ಇನ್ನೊಂದನ್ನು ಮೈದಾ ವಾಸನೆಗೆ ಇಲಿ ತಿಂದವು. ಬುಕ್ ಬೈಂಡಿಂಗ್‌ನವರು ಅಂಟಿಗೆ ಮೈಲುತುತ್ತ ಹಾಕುತ್ತಾರೆ, ಆದರೆ ನಮ್ಮ ಮಕ್ಕಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾರಲ್ವಾ, ಅದು ಬೇಡವೇ ಬೇಡ. ನಾನು ಬೇರೆ ಏನೋ ಹಾಕುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಬೂಷ್ಟಿಗೆ ಮಾತ್ರ ಉಪಾಯ ಸುಲಭ: ಎರಡು ಪದರ ಅಂಟಿಸಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಮುಂದಿನದು. ರಟ್ಟಿನ ಒಳಗೆರೆ ಒಂದು ಪದರಕ್ಕೆ ಉದ್ದ, ಮುಂದಿನದಕ್ಕೆ ಅಡ್ಡ ಬರಬೇಕು. ಐದಾರು ಪದರ ಆದರೆ ಮೇಲೆ ನಾನೇ ನಿಲ್ಲುತ್ತೇನೆ, 70 ಕೆಜಿ.

ನಿಜವಾದ ಪೇಚಾಟ ರಟ್ಟಿನದಲ್ಲ, ಸೊಂಟದ್ದು. ನೆಲಕ್ಕೆ ಅಂಟಿದ ಸೀಟಲ್ಲಿ ಕಾಲು ನೀಡಿ ಕೂರಿಸಿದರೆ ತೊಡೆಯ ಹಿಂದಿನ ಬಿಗಿಯಾದ ಸ್ನಾಯು (ಹ್ಯಾಮ್‌ಸ್ಟ್ರಿಂಗ್) ಎಳೆದು ಸೊಂಟ ಹಿಂದಕ್ಕೆ ವಾಲುತ್ತದೆ, ಬೆನ್ನು ಗೂನಾಗುತ್ತದೆ. ಬೆಲ್ಟ್ ಬಿಗಿದಷ್ಟೂ ಮಗು ಕೆಳಗೆ ಜಾರುತ್ತದೆ. ಸೀಟನ್ನು ನಾಲ್ಕೈದು ಇಂಚು ಎತ್ತರಿಸಿ ಮೊಣಕಾಲು ಮಡಚಲು ಬಿಟ್ಟೆ, ಪಾದಕ್ಕೆ ಹಲಗೆ ಕೊಟ್ಟೆ, ಸೀಟಿನ ಮುಂಭಾಗ ಸ್ವಲ್ಪ ಏರಿಸಿದೆ. ಎರಡು ಕಾಲಿನ ನಡುವೆ ಬರುವ ದಿಮ್ಮಿಯನ್ನು (ಪೊಮೆಲ್) ಮೊಣಕಾಲಿನ ಹತ್ತಿರ ಇಟ್ಟೆ, ತೊಡೆಸಂದಿಯಲ್ಲಲ್ಲ. ಮಲಗಿಸಿದರೆ ಬಿಲ್ಲಿನಂತೆ ಬಾಗುತ್ತಿದ್ದ ಮೂರು ವರ್ಷದ ಹುಡುಗಿ ಅದರಲ್ಲಿ ಕೂತಳು, ತಲೆ ಮುಂದೆ ಬಂತು. ಟ್ರೇ ಮೇಲಿನ ಮಂಡಕ್ಕಿಗೆ ಎರಡೂ ಕೈ ಒಟ್ಟಿಗೆ ಹೋದವು. "ಕೂರಿಸಿದ್ರೆ ಬೆನ್ನು ಸೊಟ್ಟ ಆಗ್ತೈತ್ರಿ" ಅನ್ನುತ್ತಿದ್ದ ಅಜ್ಜಿ ಈಗ ಅಲ್ಲೇ ಊಟ ಮಾಡಿಸುತ್ತಾರೆ. ಮೊದಲು ಕತ್ತು ಹಿಂದಕ್ಕೆ ಮಾಡಿ ಗಂಜಿ ಸುರಿಯುತ್ತಿದ್ದರು, ಪ್ರತಿ ತುತ್ತಿಗೂ ಕೆಮ್ಮು. ಅರ್ಧ ಗಂಟೆಗೆ ಕುರ್ಚಿಯಿಂದ ಎಬ್ಬಿಸಿ ಅಂತ ಹೇಳಿದ್ದನ್ನು ಮಾತ್ರ ಮರೆಯುತ್ತಾರೆ.

ಸುಮ್ನೆ ಇರಲಾರದೆ ಪಕ್ಕಕ್ಕೆ ಮಲಗಿಸಲು ಮರಳಿನ ಚೀಲವನ್ನೂ ಹೊಲಿಸಿದೆ. ಮರಳು ಸೋರಿತು, ರಾಗಿ ತುಂಬಿದೆ, ಹುಳ ಬಿತ್ತು. ಮತ್ತೆ ಮರಳೇ, ಎರಡು ಹೊದಿಕೆಯಲ್ಲಿ. ಮಗುವನ್ನು ಆಸರೆ ಕೊಟ್ಟು ನಿಲ್ಲಿಸುವ ಸ್ಟ್ಯಾಂಡಿಂಗ್ ಫ್ರೇಮ್ ಇನ್ನೂ ಕೂಡಿಬಂದಿಲ್ಲ. 14 ಕೆಜಿ ದಾಟಿದ ಹುಡುಗ ನಿಂತಾಗ ಮೊಣಕಾಲಿನ ಪಟ್ಟಿ ಕಟ್ಟಿದ ಕಡೆ ರಟ್ಟು ಸೀಳಿತು. ಈಗ ಆ ಜಾಗಕ್ಕೆ ಬಿದಿರಿನ ಸೀಳು ಸೇರಿಸಿ ಒಣಗಲು ಇಟ್ಟಿದ್ದೇನೆ.