ಊಟದಲ್ಲಿ ನಾರು ಹೆಚ್ಚಿಸುವುದು ಹೇಗೆ? ವಾರಕ್ಕೆ ಒಂದೇ ಬದಲಾವಣೆ ಸಾಕು

ತೂಕ ಜಾಸ್ತಿ ಇದೆ, ಶುಗರ್ ಏರುತ್ತಿದೆ, ನಾರು ಹೆಚ್ಚು ತಿನ್ನಿ ಅಂದರು ಡಾಕ್ಟರು. ನಮ್ಮ ಚಿಕ್ಕಮ್ಮ ಅವತ್ತು ರಾತ್ರಿಯೇ ದೊಡ್ಡ ಬಟ್ಟಲು ತುಂಬ ಹಸಿ ಮೊಳಕೆಕಾಳು ತಿಂದರು. ಬೆಳಗ್ಗೆ ಹೊಟ್ಟೆ ಉಬ್ಬರ, ಸಂಕಟ. ನಾಲ್ಕೇ ದಿನಕ್ಕೆ ‘ನನಗೆ ಇದು ಆಗಿಬರಲ್ಲ’ ಎಂದು ತಟ್ಟೆ ತುಂಬ ಅನ್ನಕ್ಕೆ ಮರಳಿದರು. ಹೀಗೆ ಕೈಬಿಟ್ಟವರು ಬಹಳ ಜನ.

ಮೊದಲು, ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಇರುವುದು 3 ಗ್ರಾಂಗೂ ಕಡಿಮೆ. ರಾಗಿಯಲ್ಲಿ ಸುಮಾರು 11.

ಆಮೇಲೆ ತಟ್ಟೆ ಬದಲಿಸಿ, ಒಂದೇ ದಿನಕ್ಕಲ್ಲ, ನಿಧಾನವಾಗಿ. ಕೊನೆಗೆ ತಟ್ಟೆ ಹೀಗಿರಬೇಕು: ಅರ್ಧ ತರಕಾರಿ ಪಲ್ಯ, ಕಾಲು ಭಾಗ ಕಾಳು ಅಥವಾ ಬೇಳೆ, ಉಳಿದ ಕಾಲು ಭಾಗ ಅನ್ನ ಇಲ್ಲವೇ ಮುದ್ದೆ. ಆಲೂಗಡ್ಡೆ ಪಲ್ಯ ಲೆಕ್ಕಕ್ಕಿಲ್ಲ. ಅನ್ನ ಅಷ್ಟೇ ಇಟ್ಟು ಮೇಲೆ ಪಲ್ಯ ಸೇರಿಸಿದರೆ ತೂಕ ಇಳಿಯುವುದು ಹೇಗೆ? ಪಲ್ಯ ಮೊದಲು ತಿನ್ನಿ, ಅನ್ನ ಕೊನೆಗೆ. ಕಾಳು, ತರಕಾರಿಯಲ್ಲಿರುವ ಕರಗುವ ನಾರು ಹೊಟ್ಟೆಯಲ್ಲಿ ಲೋಳೆಯಾಗುತ್ತದೆ. ಆಗ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗುವುದಿಲ್ಲ.

ಜನ ಎಡವುವುದು ಮುಂದಿನ ಹಂತದಲ್ಲಿ. ಕರುಳಿನ ಬ್ಯಾಕ್ಟೀರಿಯಾ ನಾರನ್ನು ಹುದುಗಿಸುವಾಗ ಗ್ಯಾಸ್ ಹುಟ್ಟುತ್ತದೆ. ಹೊಟ್ಟೆ ಇದಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ಅದಕ್ಕೇ ವಾರಕ್ಕೆ ಒಂದೇ ಬದಲಾವಣೆ ಮಾಡಿ. ಮೊದಲ ವಾರ ಮಧ್ಯಾಹ್ನ ಒಂದು ಸೌಟು ಪಲ್ಯ ಜಾಸ್ತಿ. ಎರಡನೇ ವಾರ ರಾತ್ರಿಗೂ ಒಂದು ಸೌಟು. ಮೂರನೇ ವಾರ ಕಾಳು, ಬರೀ ಒಂದು ಹಿಡಿ. ಹುರುಳಿಯೋ ಅಲಸಂದೆಯೋ, ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಒಂದು ಕಾಳನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಗಟ್ಟಿ ಸಿಕ್ಕರೆ ಇನ್ನೊಂದು ಸೀಟಿ ಕೂಗಿಸಿ. ಪೂರ್ತಿ ಹಿಸುಕಿಹೋಗಬೇಕು. ಹೊಟ್ಟೆ ಉಬ್ಬಿದರೆ ಇನ್ನೊಂದು ವಾರ ಅಷ್ಟರಲ್ಲೇ ನಿಲ್ಲಿ. ಪೂರ್ತಿ ಬಿಡಬೇಡಿ. ನೀರು ಮಾತ್ರ ಚೆನ್ನಾಗಿ ಕುಡಿಯಿರಿ. ನೀರಿಲ್ಲದೆ ನಾರು ತಿಂದರೆ ಮಲಬದ್ಧತೆ ಜಾಸ್ತಿಯಾಗುತ್ತದೆ.

ಇಸಬ್‌ಗೋಲ್ (ಒಂದು ಬೀಜದ ಹೊಟ್ಟು, ನಾರಿನ ಪುಡಿ) ತಗೊಂಡರೆ ಆಗುತ್ತೆ ಅಲ್ವಾ ಎಂದು ಕೇಳುತ್ತಾರೆ. ಆಗಬಹುದು, ಆದರೆ ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು. ಒಣ ಪುಡಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದು. ಮಾತ್ರೆಗಳ ಜೊತೆಗೂ ಬೇಡ, ನಡುವೆ ಅಂತರ ಇರಲಿ. ‘ನಾರು ತುಂಬಿದ’ ಬಿಸ್ಕತ್ತುಗಳನ್ನು ನಾನಂತೂ ಮನೆಗೆ ತರುವುದಿಲ್ಲ. ಪೊಟ್ಟಣ ತಿರುಗಿಸಿ ಓದಿ, ಎಷ್ಟೋ ಬಿಸ್ಕತ್ತುಗಳಲ್ಲಿ ಮೈದಾ, ಸಕ್ಕರೆಯೇ ಮುಂದಿರುತ್ತವೆ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಕೂಡ ಬೇಡ. ನುಣ್ಣನೆ ಹಿಟ್ಟಿನ ಗಂಜಿ ಬೇಗ ಜೀರ್ಣವಾಗಿ ಶುಗರ್ ಬೇಗ ಏರಿಸುತ್ತದೆ. ಹಿಟ್ಟಿಗೆ ಜರಡಿ ಹಿಡಿದು ಹೊಟ್ಟು ಚೆಲ್ಲುವುದನ್ನೂ ನಿಲ್ಲಿಸಿ. ನಾರು ಇರುವುದೇ ಅದರಲ್ಲಿ.

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳುವವರು, ಕಿಡ್ನಿ ತೊಂದರೆ ಇರುವವರು ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಊಟದ ಮೊದಲ ತುತ್ತಿನಿಂದ 2 ಗಂಟೆ ಎಣಿಸಿ ಗ್ಲೂಕೋಮೀಟರ್‌ನಲ್ಲಿ ಶುಗರ್ ನೋಡಿ, ತಿಂದದ್ದರ ಪಕ್ಕದಲ್ಲೇ ಬರೆದಿಡಿ. ಚಿಕ್ಕಮ್ಮ ಈಗ ಮತ್ತೆ ಶುರು ಮಾಡಿದ್ದಾರೆ. ಈ ವಾರ ಅವರದು ಒಂದು ಸೌಟು ಹುರುಳಿಕಾಯಿ ಪಲ್ಯ, ಅಷ್ಟೇ.