ಊರಿಗೆ ಮಾತು ಮುಟ್ಟಿಸಬೇಕಾ? ಮೊದಲು ಡೇರಿ ಕಟ್ಟೆ ಮೇಲೆ ಕೂತ್ಕೊಳ್ಳಿ

ನನ್ನ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ಕೋಲಾರದ ಕಡೆ ಒಂದು ಸಣ್ಣ ಸಂಸ್ಥೆಯಲ್ಲಿದ್ದಾಗ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುವ ಬಗ್ಗೆ ಊರಲ್ಲಿ ಪ್ರಚಾರ ಮಾಡುವ ಕೆಲಸ ನನ್ನ ತಲೆಗೆ ಬಂತು. ಹನ್ನೆರಡು ನಿಮಿಷದ ವಿಡಿಯೋ ಮಾಡಿದೆ. ಹಿಂದೆ ಕೊಳಲು, ಮುಂದೆ ಸೂರ್ಯ ಹುಟ್ಟುವ ಕೆರೆ, ನಡುವೆ ನನ್ನದೇ ಗಂಭೀರ ದನಿ. ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಜನ ಕೈಮುಗಿಯುವ ಗೊಂಬೆ ಕಳಿಸಿದ್ದೇ ಕಳಿಸಿದ್ದು. ಲಸಿಕೆ ದಿನ ಬೆಳಿಗ್ಗೆ ಹುಣಸೆ ಮರದ ಕೆಳಗೆ ನಾನು, ಸೂಜಿ ಹಾಕುವವರು, ಐಸ್ ತುಂಬಿದ ಡಬ್ಬ, ಮತ್ತೆ ಒಂಬತ್ತು ಹಸು. ಊರಲ್ಲಿ ಇದ್ದದ್ದು ಇನ್ನೂರಕ್ಕೂ ಜಾಸ್ತಿ.

ಆ ಸಂಜೆ ಬೇರೆ ಕೆಲಸ ಇರಲಿಲ್ಲ, ಡೇರಿ ಕಟ್ಟೆ ಮೇಲೆ ಸುಮ್ನೆ ಕೂತಿದ್ದೆ. ಕ್ಯಾನ್ ಹಿಡಿದು ಸಾಲಲ್ಲಿ ನಿಂತಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿ ಕೇಳಿದರು: "ಸೂಜಿ ಹಾಕಿಸಿದ್ರೆ ಹಾಲು ಇಳೀತದೆ ಕಣಪ್ಪ. ಹೋದ ಸಲ ಮೂರು ದಿನ ಇಳೀತು. ಬಟವಾಡೆ ದುಡ್ಡಲ್ಲಿ ನಾನು ಸಂಘದ ಕಂತು ಕಟ್ಟಬೇಕು. ಅದನ್ನ ನಿನ್ನ ವಿಡಿಯೋದಾಗೆ ಹೇಳಿದ್ಯಾ?"

ಹೇಳಿರಲಿಲ್ಲ. ರೋಗ ಹೇಗೆ ಹರಡುತ್ತೆ, ಸರ್ಕಾರ ಏನು ಮಾಡುತ್ತಿದೆ, ಎಲ್ಲಾ ಹೇಳಿದ್ದೆ. ಅಜ್ಜಿಯ ಲೆಕ್ಕದ ಪುಸ್ತಕದಲ್ಲಿ ಇರೋದನ್ನ ಮಾತ್ರ ಹೇಳಿರಲಿಲ್ಲ.

ಹಾಗಾಗಿ ಆರೋಗ್ಯ, ಕೃಷಿ, ಸಾಲ, ಶಾಲೆ, ಯಾವುದರ ಬಗ್ಗೆಯಾದರೂ ಸರಿ, ಊರಿನವರ ಹತ್ತಿರ ಮಾತಾಡಬೇಕು ಅಂತ ಹೊರಟವರಿಗೆ ನನ್ನ ಮೊದಲ ಸಲಹೆ ಇದು: ಮೂರು ದಿನ ಏನನ್ನೂ ಮಾಡಬೇಡಿ, ಜನ ಕಾಯುವ ಜಾಗದಲ್ಲಿ ಹೋಗಿ ಕೂತ್ಕೊಳ್ಳಿ. ಡೇರಿ, ರೇಷನ್ ಅಂಗಡಿ, ಬಸ್ ಸ್ಟ್ಯಾಂಡ್, ಹಿಟ್ಟಿನ ಗಿರಣಿ. ಹಾಲು ಕರೆಯುವ ಊರಾದರೆ ಡೇರಿಗಿಂತ ಒಳ್ಳೆ ಜಾಗ ಇಲ್ಲ. ದಿನಕ್ಕೆ ಎರಡು ಸಲ ಊರಿನ ಅರ್ಧ ಮನೆ ಅಲ್ಲಿಗೆ ಬಂದೇ ಬರುತ್ತೆ. ನೋಟ್‌ಬುಕ್ ತೆಗೆಯಬೇಡಿ, ತೆಗೆದರೆ ಜನ ಸರ್ವೆಗೆ ಕೊಡುವ ಉತ್ತರ ಕೊಡುತ್ತಾರೆ. "ಯಾಕೆ ಹಾಕಿಸಲ್ಲ?" ಅಂತ ನೇರವಾಗಿ ಕೇಳಲೂ ಬೇಡಿ, ಅದು ಜಗಳ ತೆಗೆದಂತೆ ಕೇಳಿಸುತ್ತೆ. "ಹೋದ ಸಲ ಹಾಕಿಸಿದಾಗ ಏನಾಯ್ತು?" ಅಂತ ಕೇಳಿ ನೋಡಿ, ಕಥೆ ತಾನಾಗೇ ಬರುತ್ತೆ.

ನನಗೆ ಸಿಕ್ಕಿದ ಕಾರಣಗಳು ಒಂದಕ್ಕಿಂತ ಒಂದು ಬೇರೆ. ಹಾಲು ಇಳಿಯುತ್ತೆ. ಗಬ್ಬದ ಹಸು ದಿನ ತುಂಬುವ ಮುಂಚೆಯೇ ಕರು ಹಾಕಿಬಿಡುತ್ತೆ ಅನ್ನೋ ಭಯ. ಹಸುವಿನ ಕಿವಿಗೆ ನಂಬರಿನ ಓಲೆ ಹಾಕಿದರೆ ಸರ್ಕಾರದ ಲೆಕ್ಕಕ್ಕೆ ಸೇರಿ ಆಮೇಲೆ ಏನೋ ಆಗುತ್ತೆ ಅನ್ನೋ ಗುಮಾನಿ. ಬೆಳಿಗ್ಗೆ ಕೂಲಿಗೆ ಹೋಗಬೇಕು, ದನ ಹಿಡಿಯೋಕೆ ಮನೆಯಲ್ಲಿ ಗಂಡಸರಿಲ್ಲ. ಇಷ್ಟರಲ್ಲಿ "ರೋಗದ ಬಗ್ಗೆ ಗೊತ್ತಿಲ್ಲ" ಅನ್ನೋದು ಒಂದೂ ಇಲ್ಲ ನೋಡಿ. ಗೊತ್ತಿಲ್ಲದೆ ಇರುತ್ತಾ? 2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಬಂದು ಸಾವಿರಾರು ದನ ಸತ್ತಾಗ ಈ ಸೀಮೆಯವರು ಕಣ್ಣಾರೆ ನೋಡಿದ್ದಾರೆ. ಅರಿವು ಮೂಡಿಸೋದು ಅಂತ ನಾವು ಹೊರಡುತ್ತೇವಲ್ಲ, ಅರ್ಧ ಸಲ ಅರಿವು ಬೇಕಾಗಿರೋದು ನಮಗೇ.

ಕಾರಣ ಸಿಕ್ಕಿದ ಮೇಲೆ ಇನ್ನೊಂದು ಕೆಲಸ. ಒಂದೊಂದು ಕಾರಣವನ್ನೂ ಹಿಡಿದು, ಇದು ಮಾತಿನಿಂದ ಬಗೆಹರಿಯುತ್ತಾ ಅಂತ ನೋಡಿ. ಭಯಕ್ಕೆ ಮಾತು ಸಾಕು. ಬೆಳಿಗ್ಗೆ ಹತ್ತು ಗಂಟೆಗೆ ಶಿಬಿರ ಇಟ್ಟು, ಅಷ್ಟೊತ್ತಿಗೆ ಎಲ್ಲರೂ ಕೂಲಿಗೆ ಹೋಗಿದ್ದರೆ, ಎಂಥ ಚಂದದ ವಿಡಿಯೋ ಮಾಡಿದರೂ ಹಸು ಬರಲ್ಲ. ಅಲ್ಲಿ ಬದಲಾಗಬೇಕಾಗಿರೋದು ಗಡಿಯಾರ. ನಾವು ಎರಡನೇ ಸಲ ಶಿಬಿರವನ್ನು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೇ, ಡೇರಿ ಹಿಂದೆಯೇ ಇಟ್ಟೆವು. ಕಾಲೋನಿಯಲ್ಲಿ ಬೇರೆ ಒಂದು ದಿನ ಇಟ್ಟೆವು. ಜಾಗ ಆರಿಸುವಾಗ ಇದನ್ನ ಮರೆಯಬೇಡಿ, ದೇವಸ್ಥಾನದ ಅಂಗಳದಲ್ಲೋ ಊರ ಗೌಡರ ಮನೆ ಮುಂದೋ ಇಟ್ಟರೆ ಅಲ್ಲಿಗೆ ಯಾರು ಬರಲ್ಲ ಅನ್ನೋದು ಊರಿನವರಿಗೆಲ್ಲ ಗೊತ್ತು, ಪೋಸ್ಟರ್ ಅಂಟಿಸಿದವರಿಗೆ ಮಾತ್ರ ಗೊತ್ತಿರಲ್ಲ.

ಈಗ ಮಾತು. ಆಟೋ ಮೈಕಿನಲ್ಲಿ ನಮ್ಮ ಮೊದಲ ಸಲದ ಪ್ರಕಟಣೆ ಹೀಗಿತ್ತು:

"ಸಮಸ್ತ ಜಾನುವಾರು ಮಾಲೀಕರ ಗಮನಕ್ಕೆ. ಕಾಲುಬಾಯಿ ರೋಗ ನಿಯಂತ್ರಣ ಲಸಿಕಾ ಅಭಿಯಾನವನ್ನು ಹಮ್ಮಿಕೊಳ್ಳಲಾಗಿದ್ದು, ಎಲ್ಲ ರೈತ ಬಾಂಧವರು ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ವಿನಂತಿ."

ಎರಡನೇ ಸಲ ಹೀಗೆ ಮಾಡಿಕೊಂಡೆವು:

"ನಾಡಿದ್ದು ಗುರುವಾರ ಬೆಳಿಗ್ಗೆ, ಹಾಲು ಹಾಕೋ ಹೊತ್ತಿಗೆ, ಡೇರಿ ಹಿಂದೆ ಕಾಲುಬಾಯಿ ಜ್ವರದ ಸೂಜಿ ಹಾಕ್ತಾರೆ. ದುಡ್ಡು ಕೊಡಬೇಕಾಗಿಲ್ಲ. ನಾಲ್ಕು ತಿಂಗಳು ತುಂಬಿದ ಕರೂನೂ ಹಿಡ್ಕೊಂಡು ಬನ್ನಿ. ಎರಡು ಮೂರು ದಿನ ಹಾಲು ಸ್ವಲ್ಪ ಇಳೀಬಹುದು, ಆಮೇಲೆ ಮೊದಲಿನಂತೆ ಆಗುತ್ತೆ. ಗಬ್ಬದ ಹಸು ಇದ್ದರೆ ಸೂಜಿಗೆ ಮುಂಚೆ ಡಾಕ್ಟರಿಗೆ ಹೇಳಿ. ದನ ಹಿಡಿಯೋಕೆ ಜನ ಇಲ್ಲ ಅಂದ್ರೆ ಡೇರಿಯಲ್ಲಿ ಹೆಸರು ಬರೆಸಿ, ಮನೆ ಹತ್ರಾನೇ ಬರ್ತೀವಿ."

ಎರಡೂ ಬಾಯಿಬಿಟ್ಟು ಓದಿ ನೋಡಿ. ಮೊದಲನೆಯದು ಕಿವಿಗೆ ಬೀಳುತ್ತೆ, ಒಳಗೆ ಹೋಗಲ್ಲ. ಎರಡನೆಯದರಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನು ಹಿಡಿದುಕೊಂಡು ಬರಬೇಕು ಅಂತ ಇದೆ. ಎಲ್ಲಕ್ಕಿಂತ ಜಾಸ್ತಿ, ನಷ್ಟದ ಮಾತನ್ನು ನಾವೇ ಎತ್ತಿದ್ದೇವೆ. ಮೈಕಿನವರು, ಮೇಲಿನವರು ಇದಕ್ಕೆ ಬೇಡ ಅನ್ನುತ್ತಾರೆ. "ಹಾಲು ಇಳಿಯುತ್ತೆ ಅಂತ ನಾವೇ ಹೇಳಿದ್ರೆ ಯಾರು ಬರ್ತಾರೆ ಸಾರ್?" ಅಂತ ನನ್ನನ್ನೂ ಕೇಳಿದರು. ಆದರೆ ಊರಿಗೆ ಅದು ಮೊದಲೇ ಗೊತ್ತು. ನೀವು ಮುಚ್ಚಿಟ್ಟರೆ ನಿಮ್ಮ ಉಳಿದ ಮಾತನ್ನೂ ನಂಬಲ್ಲ, ಅಷ್ಟೇ.

ಭಾಷೆ ಅಂದಾಗ ಇನ್ನೊಂದು. ಕೋಲಾರದ ಎಷ್ಟೋ ಮನೆಗಳಲ್ಲಿ ಒಳಗೆ ಆಡುವುದು ತೆಲುಗು. ನಾನು ಅಚ್ಚ ಕನ್ನಡದಲ್ಲಿ ಪೋಸ್ಟರ್ ಮಾಡಿ ಬೀಗುತ್ತಿದ್ದೆ. ನಿಮ್ಮ ಊರಲ್ಲಿ ಉರ್ದು ಇರಬಹುದು, ತುಳು ಇರಬಹುದು, ಲಂಬಾಣಿ ಇರಬಹುದು. ಹಟ್ಟಿಯಲ್ಲಿ ದನದ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಅದರಲ್ಲಿ ಹೇಳಿ.

ಯಾರ ಬಾಯಲ್ಲಿ ಹೇಳಿಸಬೇಕು ಅನ್ನೋದು ಏನು ಹೇಳಬೇಕು ಅನ್ನೋದಕ್ಕಿಂತ ದೊಡ್ಡದು. ಇದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆ ಉದಾಹರಣೆ ಇದೆ. 2006ರಲ್ಲಿ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧನಾ ಕೇಂದ್ರದ ಒಂದು ಯೋಜನೆಯಾಗಿ ಡಿಜಿಟಲ್ ಗ್ರೀನ್ ಶುರುವಾಯಿತು. ಅವರ ಕೆಲಸ ಸರಳ. ಊರಿನ ರೈತರೇ ತಮ್ಮ ಹೊಲದಲ್ಲಿ ಮಾಡಿ ತೋರಿಸುವುದನ್ನು ವಿಡಿಯೋ ಮಾಡುವುದು, ಅದನ್ನು ಅಕ್ಕಪಕ್ಕದ ಊರಿನ ಸಣ್ಣ ಗುಂಪುಗಳಿಗೆ ತೋರಿಸುವುದು, ತೋರಿಸುವಾಗ ಸ್ಥಳೀಯರೊಬ್ಬರು ಜೊತೆಗಿದ್ದು ನಡುನಡುವೆ ನಿಲ್ಲಿಸಿ ಮಾತಾಡಿಸುವುದು. ವಿಡಿಯೋ ನೋಡಿದವರು ಕೇಳುತ್ತಿದ್ದ ಮೊದಲ ಪ್ರಶ್ನೆ ಗೊಬ್ಬರದ ಬಗ್ಗೆ ಅಲ್ಲವಂತೆ. ವಿಡಿಯೋದಲ್ಲಿರುವ ರೈತರು ಯಾರು, ಯಾವ ಊರಿನವರು ಅಂತ. ಸಹಜ ಅಲ್ವಾ? ತನ್ನಂಥವರೇ ಮಾಡಿದ್ದಾರೆ ಅಂತ ಗೊತ್ತಾದರೆ ಮಾತ್ರ ತಾನೂ ಮಾಡಿ ನೋಡೋಣ ಅನ್ನಿಸೋದು.

ನಾನು ಆ ಅಜ್ಜಿಯನ್ನೇ ಹಿಡಿದೆ. ಮೊದಲು ಒಪ್ಪಲಿಲ್ಲ. ಸೂಜಿ ಹಾಕಿಸಿ, ಐದು ದಿನದ ಹಾಲಿನ ಚೀಟಿ ಇಟ್ಟುಕೊಂಡು, ಅದನ್ನೇ ಫೋನಿನ ಮುಂದೆ ಒಂದೊಂದಾಗಿ ಹಿಡಿದು ಓದಿ ಅಂತ ಕೇಳಿಕೊಂಡೆ. ಅವರು ಓದಲು ಬರಲ್ಲ ಅಂದರು, ಮೊಮ್ಮಗಳು ಓದಿದಳು. ಮೊದಲ ದಿನದ ಚೀಟಿಯಲ್ಲಿ ಹಾಲು ಇಳಿದಿತ್ತು, ಎರಡನೇ ದಿನವೂ ಇಳಿದಿತ್ತು, ನಾಲ್ಕನೇ ದಿನ ಮೊದಲಿನಷ್ಟಕ್ಕೆ ಬಂತು. ಕೊನೆಯಲ್ಲಿ ಅಜ್ಜಿ, "2013ರಾಗೆ ನನ್ನ ಎರಡು ಸೀಮೆ ಹಸು ಹೋದವು, ಅದಕ್ಕೆ ಯಾವ ಚೀಟಿ ಇತ್ತು?" ಅಂದರು. ಇಷ್ಟೇ ವಿಡಿಯೋ, ಎರಡು ನಿಮಿಷದ ಒಳಗೆ. ಕೊಳಲು ಇಲ್ಲ.

ಚಿತ್ರೀಕರಣದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫೋನ್ ಸಾಕು. ದನಿ ಕೆಟ್ಟರೆ ಎಲ್ಲಾ ಕೆಟ್ಟಂತೆ, ಹಾಗಾಗಿ ಗಾಳಿಗೆ ಬೆನ್ನು ಕೊಟ್ಟು, ಮಾತಾಡುವವರಿಂದ ಒಂದು ಮೊಳ ದೂರದಲ್ಲಿ ಫೋನ್ ಹಿಡಿಯಿರಿ, ಹಾಲು ಕರೆಯುವ ಯಂತ್ರವನ್ನೂ ಮೋಟರನ್ನೂ ಆರಿಸಿ. ಮುಖಕ್ಕಿಂತ ಕೈ ತೋರಿಸಿ. ಮುಖ ತೋರಿಸುವ ಮುಂಚೆ ಕೇಳಿ, ಮಾಡಿದ ಮೇಲೆ ಅವರಿಗೆ ಮೊದಲು ತೋರಿಸಿ, ಬೇಡ ಅಂದರೆ ಅಲ್ಲೇ ಅವರ ಕಣ್ಣೆದುರಿಗೆ ಅಳಿಸಿ. ಬಡತನ ತೋರಿಸಿ ಕರುಣೆ ಹುಟ್ಟಿಸುವ ವಿಡಿಯೋ ದುಡ್ಡು ಕೊಡುವವರಿಗೆ ಇಷ್ಟವಾಗಬಹುದು, ಮಾರನೇ ದಿನ ಅದೇ ಊರಿಗೆ ನೀವು ಹೋಗಬೇಕಲ್ಲ.

ಇನ್ನು ಎಲ್ಲಿ ಹಾಕೋದು. ವಾಟ್ಸಾಪ್ ಗ್ರೂಪ್ ಅಂದಕೂಡಲೇ ಒಂದು ಸಲ ಅದರಲ್ಲಿರುವವರ ಪಟ್ಟಿ ತೆಗೆದು ಓದಿ. ನಮ್ಮ ಗ್ರೂಪಿನಲ್ಲಿದ್ದವರು ಹೆಚ್ಚೂಕಡಿಮೆ ಎಲ್ಲಾ ಗಂಡಸರು, ಅದರಲ್ಲೂ ಅರ್ಧ ಜನ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು. ಹಸು ನೋಡಿಕೊಳ್ಳುವುದು ಅವರ ಅಮ್ಮಂದಿರು. ಹಾಗಾಗಿ ಅಜ್ಜಿಯ ವಿಡಿಯೋವನ್ನು ಹೆಂಗಸರ ಸಂಘದ ವಾರದ ಸಭೆಯಲ್ಲಿ ಒಂದು ಫೋನಿನಲ್ಲಿ ತೋರಿಸಿದೆವು. ಹತ್ತು ಹದಿನೈದು ಜನ, ತಲೆಗೆ ತಲೆ ತಾಗಿಸಿಕೊಂಡು. ತೋರಿಸಿ ಎದ್ದು ಬರಲಿಲ್ಲ, ಕೂತೆವು. ಅರ್ಧ ಗಂಟೆ ಜೋರು ಚರ್ಚೆ ಆಯಿತು.

ಹೀಗೆ ಕೂರಿಸಿ ಮಾತಾಡಿಸುವುದು ಹಳೇ ಬುದ್ಧಿವಂತಿಕೆ. 1956ರಲ್ಲಿ ಆಕಾಶವಾಣಿ ಮತ್ತು ಯುನೆಸ್ಕೋ ಸೇರಿ ಪುಣೆ ಸುತ್ತಿನ 150 ಹಳ್ಳಿಗಳಲ್ಲಿ ರೇಡಿಯೋ ಕೂಟ ನಡೆಸಿದರು. ಕಾರ್ಯಕ್ರಮ ಕೇಳೋದು, ಕೂತು ಚರ್ಚೆ ಮಾಡೋದು, ಮಾಡಿ ನೋಡೋದು. ಆಮೇಲೆ ಹೋಲಿಸಿ ನೋಡಿದಾಗ, ಬರೀ ರೇಡಿಯೋ ಇದ್ದ ಊರಿಗಿಂತ ಕೂಟ ಇದ್ದ ಊರಿನವರಿಗೆ ವಿಷಯ ಎಷ್ಟೋ ಚೆನ್ನಾಗಿ ಹತ್ತಿತ್ತು. ಫೋನ್ ಬಂದು ಇಷ್ಟು ವರ್ಷ ಆದರೂ ಇದು ಬದಲಾಗಿಲ್ಲ. ಒಬ್ಬರೇ ನೋಡಿದ್ದನ್ನು ಬೆರಳು ತಳ್ಳಿಬಿಡುತ್ತೆ.

ನಿಮ್ಮ ಹತ್ತಿರ ಸಮುದಾಯ ರೇಡಿಯೋ, ಅಂದರೆ ಆ ಸೀಮೆಯವರಿಗಾಗಿ ನಡೆಸುವ ಸಣ್ಣ ರೇಡಿಯೋ ಕೇಂದ್ರ, ಇದ್ದರೆ ಹೋಗಿ ಪರಿಚಯ ಮಾಡಿಕೊಳ್ಳಿ. ಮೊದಲು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಇದ್ದ ಅವಕಾಶವನ್ನು 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಶ್ವವಿದ್ಯಾಲಯಗಳಿಗೂ ಕೊಟ್ಟರು. ಅದಕ್ಕೂ ಮುಂಚೆಯೇ ನಮ್ಮ ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ ನಮ್ಮ ಧ್ವನಿ ಅಂತ ಕೇಂದ್ರ ಕಟ್ಟಿಕೊಂಡು, ಗಾಳಿಯಲ್ಲಿ ಬಿಡಲು ಪರವಾನಗಿ ಸಿಗದ ಕಾಲದಲ್ಲಿ ಟಿವಿ ಕೇಬಲ್ಲಿನ ತಂತಿಯಲ್ಲೇ ಊರಿನ ದನಿಯನ್ನು ಮನೆಮನೆಗೆ ಕಳಿಸಿದರು. ದಾರಿ ಇಲ್ಲ ಅನ್ನುವವರಿಗೆ ನಾನು ಯಾವಾಗಲೂ ಇದನ್ನೇ ಹೇಳೋದು.

ವಿಷಯ ಹೇಳಿದ ಮೇಲೆ ಪ್ರಶ್ನೆ ಬರುತ್ತೆ, ಬರದಿದ್ದರೆ ಏನೋ ಕೆಟ್ಟಿದೆ ಅಂತ ಅರ್ಥ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲಮ್ಮ, ಕೇಳ್ಕೊಂಡು ಬರ್ತೀನಿ" ಅನ್ನಿ, ಮತ್ತೆ ನಿಜವಾಗಿ ಕೇಳಿಕೊಂಡು ಬನ್ನಿ. ಸಭೆಯಲ್ಲಿ ಒಬ್ಬರು, ಕರುವಿಗೆ ಒಂದೇ ಸೂಜಿ ಸಾಕಾ ಅಂತ ಕೇಳಿದರು. ನನಗೆ ತಿಳಿದಿರಲಿಲ್ಲ. ಡಾಕ್ಟರನ್ನು ಕೇಳಿ, ಮೊದಲ ಸಲ ಹಾಕಿಸುವ ಕರುವಿಗೆ ತಿಂಗಳು ಬಿಟ್ಟು ಇನ್ನೊಂದು ಹಾಕಿಸಬೇಕು, ಆಮೇಲೆ ಆರು ತಿಂಗಳಿಗೊಮ್ಮೆ ಅಂತ ಮುಂದಿನ ವಾರ ಅದೇ ಜಾಗದಲ್ಲಿ ಹೇಳಿದೆ. ಆ ದಿನದಿಂದ ನನಗೆ ಕೂರಲು ಚಾಪೆ ಹಾಕಲು ಶುರು ಮಾಡಿದರು. ದನಕ್ಕೆ ಹುಷಾರಿಲ್ಲದಾಗ 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತೆ ಅನ್ನೋದನ್ನೂ ಡೇರಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿದೆವು. ನಂಬರ್ ಬರೆಸುವ ಮುಂಚೆ ನೀವೇ ಒಂದು ಸಲ ಫೋನ್ ಮಾಡಿ ನೋಡಿ. ಯಾರೂ ಎತ್ತದ ನಂಬರನ್ನು ಗೋಡೆ ಮೇಲೆ ಬರೆಸಿದರೆ ನಿಮ್ಮ ಮರ್ಯಾದೆ ಆ ಗೋಡೆ ಮೇಲೇ ಇರುತ್ತೆ.

ಗಾಳಿಸುದ್ದಿ ಎದ್ದರೆ ಅದನ್ನು ಮೈಕಿನಲ್ಲಿ ಕೂಗಿ ಸುಳ್ಳು ಅನ್ನಬೇಡಿ, ಕೇಳದಿದ್ದವರಿಗೂ ಕೇಳಿಸಿಬಿಡುತ್ತೀರಿ. ಎಲ್ಲಿಂದ ಎದ್ದಿತು ಅಂತ ಹುಡುಕಿ ಆ ಮನೆಗೆ ಹೋಗಿ. ಒಂದು ಸಲ ನಿಜವಾಗಿಯೂ ಒಂದು ಹಸು ಸೂಜಿ ಹಾಕಿಸಿದ ಮೇಲೆ ದಿನ ತುಂಬುವ ಮುಂಚೆಯೇ ಕರು ಹಾಕಿತ್ತು. ಸುಮ್ನೆ ಅಲ್ಲಗಳೆಯದೆ ಡಾಕ್ಟರನ್ನು ಕರೆದುಕೊಂಡು ಹೋಗಿ ತೋರಿಸಿದೆವು.

ಕೊನೆಗೆ ಲೆಕ್ಕ. ಎಷ್ಟು ಜನ ನೋಡಿದರು ಅನ್ನೋದನ್ನು ಬರೆದುಕೊಳ್ಳಬೇಡಿ, ಎಷ್ಟು ಹಸು ಬಂದವು ಅಂತ ಬರೆದುಕೊಳ್ಳಿ. ಎರಡನೇ ಸಲ ನಮ್ಮಲ್ಲಿ ನೂರ ನಲವತ್ತು ದಾಟಿತು. ಆದರೆ ನನಗೆ ಉಪಯೋಗಕ್ಕೆ ಬಂದಿದ್ದು ಬಾರದೇ ಇದ್ದವರ ಪಟ್ಟಿ. ಡೇರಿ ಕಾರ್ಯದರ್ಶಿ ಹತ್ತಿರ ಹಾಲು ಹಾಕುವವರ ಹೆಸರಿರುತ್ತೆ, ಅದನ್ನೂ ಸೂಜಿ ಹಾಕಿಸಿದವರ ಹೆಸರನ್ನೂ ಪಕ್ಕಪಕ್ಕ ಇಟ್ಟು ಗೀಟು ಹಾಕುತ್ತಾ ಹೋಗಿ. ಉಳಿದ ಮನೆಗಳಲ್ಲಿ ನಾಲ್ಕೈದಕ್ಕಾದರೂ ಹೋಗಿ ಬನ್ನಿ. ನಾನು ಹೋದ ಮೊದಲ ಮನೆಯವರು ಹೇಳಿದ್ದು ಇಷ್ಟು: ಅವರ ಹಸು ಒದೆಯುತ್ತೆ, ಊರವರೆಲ್ಲರ ಮುಂದೆ ಅದನ್ನು ಹಿಡಿದುಕೊಂಡು ಬರಲು ನಾಚಿಕೆ. ಮುಂದಿನ ಸಲದ ಪ್ರಕಟಣೆಗೆ ಒಂದು ಸಾಲು ಸೇರಿತು: "ಒದೆಯೋ ಹಸು ಇದ್ದರೆ ಮೊದಲೇ ಹೇಳಿ, ಹಗ್ಗ ತರ್ತೀವಿ."