ಆರು ದಿನದ ಲೆಕ್ಕ

ಫೌಜಿನಲ್ಲಿ ನಾನು ನರ್ಸಿಂಗ್ ಅಸಿಸ್ಟೆಂಟ್. ಪೆನ್ಶನ್ ಬಂದ ಮೇಲೆ ಕೌನ್ಸೆಲಿಂಗ್ ಕಲಿತು ಗೋಕಾಕದಲ್ಲಿ ಬೋರ್ಡು ಹಾಕಿದೆ. ಒಬ್ಬರೂ ಬರಲಿಲ್ಲ. ತಲೆ ಕೆಟ್ಟಿದೆ ಅನ್ನಿಸಿಕೊಳ್ಳಲು ಯಾರು ಬರುತ್ತಾರೆ? ಬೋರ್ಡು ತೆಗೆದು ಪೆನ್ಶನ್ ಫಾರಂ ತುಂಬಿಕೊಡಲು ಕೂತೆ. ಬದುಕಿದ್ದೇನೆ ಅಂತ ನವೆಂಬರಿನಲ್ಲಿ ಎಲ್ಲರೂ ಸರ್ಟಿಫಿಕೇಟ್ ಕೊಡಬೇಕಲ್ಲ. ಬರೆಯುತ್ತಾ ಸುಮ್ನೆ ಕೇಳುತ್ತಿದ್ದೆ, ‘ನಿದ್ದೆ ಹೇಗಿದೆ ಸಾಬ್?’

2016ರ ನವೆಂಬರಿನಲ್ಲಿ ಒಬ್ಬ ಹವಾಲ್ದಾರರು ಬಂದರು. ಅವರು ಬಾಯಿ ಬಿಡಲಿಲ್ಲ, ಜೊತೆಗೆ ಬಂದಿದ್ದ ವೈನಿ (ಅವರ ಹೆಂಡತಿ) ಹೇಳಿದರು: ‘ಚಾದರ ಮಾರಿ ಮ್ಯಾಲ ಬಂದ್ರ ಎದ್ದು ಕೂಡ್ತಾರ. ರಾತ್ರಿ ಬಾಗಿಲಾ ಹಾಕಾಕ ಬಿಡಂಗಿಲ್ಲ. ಫೆಬ್ರವರಿಯಿಂದ ಹಿಂಗ.’

ಫೆಬ್ರವರಿ ಅಂದಾಗ ಹೊಳೆಯಿತು. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಸೈನಿಕರು ಹೂತುಹೋಗಿದ್ದರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕು, 11ರಂದು ತೀರಿಕೊಂಡರು. ಊರಿಗೂರೇ ಟಿವಿ ಮುಂದೆ ಕೂತು ದೇವರಿಗೆ ಕೈ ಮುಗಿಯುತ್ತಿತ್ತು. ಈ ಹವಾಲ್ದಾರರು ಲೆಕ್ಕ ಹಾಕುತ್ತಿದ್ದರು. ಎಷ್ಟೋ ವರ್ಷದ ಹಿಂದೆ ಅದೇ ಗ್ಲೇಸಿಯರ್‌ನಲ್ಲಿ ಇವರ ಬಡ್ಡಿ (ಸಾಲದ್ದಲ್ಲ, ಫೌಜಿನಲ್ಲಿ ಜೋಡಿಗೆ ಹಾಗನ್ನುತ್ತಾರೆ) ಹಿಮದಡಿ ಸಿಕ್ಕಿದ್ದ. ಎರಡು ದಿನ ಅಗೆದು ಕೈಬಿಟ್ಟಿದ್ದರು. ‘ಆರು ದಿನ ಜೀವ ಇರ್ತದಂದ್ರ...’

‘ನಿಮ್ಮ ತಪ್ಪೇನಿಲ್ಲ ಸಾಬ್’ ಅಂದೆ. ಎದ್ದು ಹೋದರು. ನನ್ನದೇ ಅವಸರ.

ಮುಂದಿನ ವಾರ ನಾನೇ ಮನೆಗೆ ಹೋದೆ. ಸಮಾಧಾನದ ಮಾತು ಎತ್ತಲಿಲ್ಲ. ‘ಟೆಂಟ್ ಎಲ್ಲಿತ್ತು, ತೋರಿಸಿ’ ಅಂದೆ. ತಟ್ಟೆಯ ಚುರುಮುರಿಯನ್ನು ಒಂದು ಕಡೆ ಒಟ್ಟಿ ಗುಡ್ಡ ಮಾಡಿದರು. ಕಡ್ಡಿಪೆಟ್ಟಿಗೆ ಟೆಂಟ್ ಆಯಿತು. ಎಲ್ಲಿ ಅಗೆದರು, ಕೈ ಯಾವಾಗ ಮರಗಟ್ಟಿತು, ಯಾರು ಕೂಗಿದರು, ಒಂದೊಂದಾಗಿ ಬಂತು. ಮೂರು ಭೇಟಿಯಲ್ಲೂ ಅದೇ ಕಥೆ. ನಾಲ್ಕನೇ ಸಲ ನಡುವೆ ನಿಂತರು. ‘ಸಾಕು ಅಂದಾಂವ ನಾನಲ್ಲ. ಮ್ಯಾಲಿಂದ ಇನ್ನೊಮ್ಮೆ ಕುಸಿಯೂದಿತ್ತು, ಆರ್ಡರ್ ಬಂತು.’ ನಾನು ಹೇಳಿದ್ದರೆ ನಂಬುತ್ತಿರಲಿಲ್ಲ. ಆಮೇಲೆ ಅತ್ತರು, ತುಂಬಾ ಹೊತ್ತು.

ಬರೀ ಮಾತಿನಿಂದ ಆಗುವುದಲ್ಲ ಇದು. ನಿದ್ದೆಗೆ ಅಂತ ಮಿಲಿಟರಿ ಕ್ಯಾಂಟೀನ್ ರಮ್ ಜಾಸ್ತಿಯಾಗಿತ್ತು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಮೂಲಕ ಮನೋವೈದ್ಯರಿಗೆ ತೋರಿಸಿದೆವು. ಬ್ಯಾಂಕ್ ಗಾರ್ಡ್ ಕೆಲಸಕ್ಕೆಂದು ಲೈಸೆನ್ಸ್ ಬಂದೂಕಿತ್ತು. ಅದು ಎಲ್ಲಿದೆ, ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿಯೇ ಕೇಳಿ, ಬಂದೂಕನ್ನು ಮನೆಯಿಂದ ಹೊರಗೆ ಇಡಿಸಿದೆ. ಈ ಪ್ರಶ್ನೆಗೆ ಇವತ್ತಿನವರೆಗೆ ಯಾರೂ ನನ್ನ ಮೇಲೆ ಸಿಟ್ಟಾಗಿಲ್ಲ. 2022ರಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಬಂದ ಮೇಲೆ ಫಾರಂಗೆ ಬಂದವರ ಮೊಬೈಲಿನಲ್ಲಿ 14416 ನಾನೇ ಸೇವ್ ಮಾಡಿಕೊಡುತ್ತೇನೆ. ನಡುರಾತ್ರಿ ನಾನು ಫೋನ್ ಎತ್ತದಿದ್ದರೂ ಅಲ್ಲಿ ಎತ್ತುತ್ತಾರೆ.

ಹೋದ ನವೆಂಬರಿನಲ್ಲೂ ಹವಾಲ್ದಾರರು ಬಂದಿದ್ದರು. ಚಾದರ ಈಗಲೂ ಎದೆಯವರೆಗೆ ಮಾತ್ರ. ಬಾಗಿಲು ಹಾಕಿಕೊಂಡು ಮಲಗುತ್ತಾರಂತೆ, ವೈನಿ ಹೇಳಿದರು.